ಹನ್ನೆರಡು ಜನರ ಸಭೆ

ಭಾನುವಾರದ ಆರಾಧನೆಗೆ ಹೋದವರಿಗೆ ಒಂದೂವರೆ ಗಂಟೆ ಕಾಣುವುದು ಮುಂದಿನ ಬೆಂಚಿನವರ ಬೆನ್ನು. ಹಾಡು, ವಾಚನ, ಪ್ರಸಂಗ, ಕಾಣಿಕೆ, ಆಶೀರ್ವಾದ. ಆಮೇಲೆ ಬಾಗಿಲಲ್ಲಿ ಸಭಾಪಾಲಕರ ಕೈಕುಲುಕಿ, ಅಂಗಳದಲ್ಲಿ ಗುರುತಿನ ನಾಲ್ಕು ಜನರನ್ನು ಚೆನ್ನಾಗಿದ್ದೀರಾ ಎಂದು ಕೇಳಿ ಸ್ಕೂಟರ್ ಹತ್ತುವುದು. ನಾಲ್ಕೈದು ನೂರು ಕುಟುಂಬಗಳಿರುವ ಪಟ್ಟಣದ ಸಭೆಗೆ ಒಬ್ಬ ಮನುಷ್ಯ ಹೀಗೆ ವರ್ಷಗಟ್ಟಲೆ ಬಂದು ಹೋಗಬಹುದು. ಮೂರು ತಿಂಗಳು ಬಾರದೇ ಹೋದರೂ ಯಾರಿಗೂ ಗೊತ್ತಾಗದಿರಬಹುದು. ಇದಕ್ಕೆ ಸಭಾಪಾಲಕರನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೊಂದು ಮನೆಯಂತೆ ಬಿಡುವಿಲ್ಲದೆ ಸುತ್ತಿದರೂ ಅಷ್ಟು ಮನೆಗಳನ್ನು ಮುಟ್ಟಿ ಬರಲು ಒಬ್ಬರಿಗೆ ಒಂದು ವರ್ಷ ಸಾಲದು. ಅದಕ್ಕೇ ಚರ್ಚುಗಳು ಸದಸ್ಯರಿಗೆ ಮತ್ತೆ ಮತ್ತೆ ಒಂದು ಮಾತು ಹೇಳುತ್ತವೆ: ನಿಮ್ಮ ಬಡಾವಣೆಯ ಚಿಕ್ಕ ಕೂಟಕ್ಕೆ ಸೇರಿಕೊಳ್ಳಿ. ಕಾಟೇಜ್ ಪ್ರೇಯರ್, ಮನೆಕೂಟ, ಸೆಲ್ ಗ್ರೂಪ್, ಕಿರು ಕ್ರೈಸ್ತ ಸಮುದಾಯ ಎಂದು ಪಂಗಡಕ್ಕೊಂದು ಹೆಸರಿದ್ದರೂ ಸಂಗತಿ ಒಂದೇ. ಎಂಟರಿಂದ ಹದಿನೈದು ಜನ ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ ಒಂದು ಹಾಡು ಹೇಳಿ, ಸತ್ಯವೇದದ ಒಂದು ಭಾಗ ಓದಿ ಚರ್ಚಿಸಿ, ಆ ವಾರದ ಕಷ್ಟಸುಖ ಹಂಚಿಕೊಂಡು, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸುತ್ತಾರೆ. ಬಹಳಷ್ಟು ಸದಸ್ಯರು ಇದನ್ನು ಬಿಡುವಿದ್ದವರ, ಭಕ್ತಿ ಹೆಚ್ಚಾದವರ ಕಾರ್ಯಕ್ರಮ ಎಂದುಕೊಂಡಿದ್ದಾರೆ. ನನ್ನ ವಾದ ಇದಕ್ಕೆ ತೀರ ವಿರುದ್ಧ. ಈ ಕೂಟವಿಲ್ಲದ ಸಭೆಯಲ್ಲಿ ಉಳಿಯುವುದು ಪ್ರೇಕ್ಷಕರು ಮಾತ್ರ.

ಚರ್ಚು ಹುಟ್ಟಿದ್ದೇ ಮನೆಗಳಲ್ಲಿ. ಪೌಲನ ಪತ್ರಗಳ ಕೊನೆಯಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಬರುತ್ತದೆ. ಸಿರಿಯಾದ ಯೂಫ್ರೆಟಿಸ್ ನದಿಯ ದಂಡೆಯ ಡುರಾ ಯೂರೋಪಸ್‌ನಲ್ಲಿ ಉತ್ಖನನಕಾರರಿಗೆ ಸಿಕ್ಕ ಪ್ರಾಚೀನ ಚರ್ಚು, ಅಸಲಿಗೆ ಒಂದು ಸಾಧಾರಣ ವಾಸದ ಮನೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಹಾಲ್ ಮಾಡಿಕೊಂಡಿದ್ದರು, ಇನ್ನೊಂದು ಕೋಣೆಯಲ್ಲಿ ದೀಕ್ಷಾಸ್ನಾನದ ತೊಟ್ಟಿ ಕಟ್ಟಿದ್ದರು. ಕ್ರಿ.ಶ. 256ರ ಸುಮಾರಿಗೆ ಆ ಊರು ಪರ್ಷಿಯನ್ನರ ಕೈಗೆ ಬಿದ್ದು ಹಾಳಾಯಿತು. ಇಷ್ಟೇ ಆಗಿದ್ದರೆ ಹಳೆಯ ಕಾಲದ ಅನಿವಾರ್ಯತೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಹೊಸ ಒಡಂಬಡಿಕೆ ವಿಶ್ವಾಸಿಗಳಿಗೆ ಕೊಡುವ ಅಪ್ಪಣೆಗಳನ್ನು ನೋಡಿ. ಒಬ್ಬರ ಭಾರವನ್ನೊಬ್ಬರು ಹೊರಬೇಕು, ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಳ್ಳಬೇಕು, ಒಬ್ಬರನ್ನೊಬ್ಬರು ಎಚ್ಚರಿಸಬೇಕು, ಸಂತೈಸಬೇಕು. ಇವುಗಳಲ್ಲಿ ಯಾವುದನ್ನೂ ಬೆಂಚಿನಲ್ಲಿ ಸಾಲಾಗಿ ಕೂತು ಪಾಲಿಸಲು ಬರುವುದಿಲ್ಲ. ಪಕ್ಕದವರ ಭಾರ ಏನೆಂದು ಗೊತ್ತಿಲ್ಲದವನು ಅದನ್ನು ಹೊರುವುದಾದರೂ ಹೇಗೆ?

ಈ ಅಪ್ಪಣೆಗಳಿಗೆ ಒಂದು ಕೆಲಸಮಾಡುವ ರೂಪ ಸಿಕ್ಕಿದ್ದು ವಿಚಿತ್ರವಾಗಿ ಒಂದು ಸಾಲದಿಂದ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1739ರಲ್ಲಿ ಕಟ್ಟಿಸಿದ 'ನ್ಯೂ ರೂಮ್' ಎಂಬ ಸಭಾಭವನದ ಸಾಲ ತೀರಿರಲಿಲ್ಲ. 1742ರ ಫೆಬ್ರವರಿಯಲ್ಲಿ ಅದಕ್ಕಾಗಿ ಸೇರಿದ ಬೈಠಕ್ಕಿನಲ್ಲಿ ಕ್ಯಾಪ್ಟನ್ ಫಾಯ್ ಎಂಬವರು, ಪ್ರತಿ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂದರು. ಬಡವರ ಕೈಲಿ ಅದೂ ಆಗದು ಎಂದು ಇನ್ನೊಬ್ಬರು ಎದ್ದರು. ಹಾಗಾದರೆ ತೀರ ಬಡವರಾದ ಹನ್ನೊಂದು ಜನರನ್ನು ನನ್ನ ಪಾಲಿಗೆ ಹಾಕಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಕೊಟ್ಟರೆ ಸರಿ, ಕೊಡಲಾಗದವರ ಪಾಲನ್ನು ನಾನೇ ತುಂಬುತ್ತೇನೆ ಎಂದರು ಫಾಯ್. ಉಳಿದವರೂ ಹೀಗೇ ಹನ್ನೊಂದು ಜನರ ಹೊಣೆ ಹೊತ್ತರು. ಪೆನ್ನಿ ಎತ್ತಲು ಮನೆಬಾಗಿಲಿಗೆ ಹೋದವರ ಕಣ್ಣಿಗೆ ಪ್ರಸಂಗಪೀಠದಿಂದ ಕಾಣದ ಸಂಗತಿಗಳು ಬಿದ್ದವು. ಒಂದು ಮನೆಯಲ್ಲಿ ಕುಡಿತ, ಇನ್ನೊಂದರಲ್ಲಿ ಜಗಳ. ಅವರು ಬಂದು ಇದನ್ನು ಹೇಳಿದಾಗ, ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಎಂದು ವೆಸ್ಲಿಗೆ ಹೊಳೆಯಿತು. ಮನೆಮನೆ ಸುತ್ತುವುದಕ್ಕೂ ಅಡ್ಡಿಗಳಿದ್ದವು. ಸದಸ್ಯರಲ್ಲಿ ಎಷ್ಟೋ ಜನ ಪರರ ಮನೆಯಲ್ಲಿ ಆಳಾಗಿದ್ದವರು, ಅಲ್ಲಿ ಬಂದು ಮಾತಾಡಿಸಲು ಯಜಮಾನರು ಬಿಡುತ್ತಿರಲಿಲ್ಲ. ಹಾಗಾಗಿ ಹನ್ನೆರಡೂ ಜನ ವಾರಕ್ಕೊಮ್ಮೆ ಒಂದೆಡೆ ಸೇರುವ ಪದ್ಧತಿ ಬಂತು. ಇದೇ ಮೆಥಡಿಸ್ಟರ 'ಕ್ಲಾಸ್'. 1743ರಲ್ಲಿ ಬರೆದ ನಿಯಮಗಳ ಪ್ರಕಾರ ಕ್ಲಾಸಿನ ಮುಖಂಡ ಪ್ರತಿ ಸದಸ್ಯನನ್ನೂ ವಾರಕ್ಕೊಮ್ಮೆಯಾದರೂ ಕಂಡು ಅವನ ಆತ್ಮದ ಸ್ಥಿತಿ ವಿಚಾರಿಸಬೇಕು, ಬಡವರಿಗಾಗಿ ಕೊಟ್ಟ ದುಡ್ಡು ಪಡೆಯಬೇಕು, ಕಾಯಿಲೆ ಬಿದ್ದವರ ಸುದ್ದಿಯನ್ನು ಬೋಧಕರಿಗೆ ಮುಟ್ಟಿಸಬೇಕು. ಸದಸ್ಯತ್ವದ ಚೀಟಿ ಮೂರು ತಿಂಗಳಿಗೊಮ್ಮೆ ಹೊಸದಾಗುತ್ತಿತ್ತು. ಮುಖಂಡರಲ್ಲಿ ಹೆಂಗಸರೂ ಇದ್ದರು, ಕೂಲಿಯವರೂ ಇದ್ದರು. ಆ ಕಾಲದ ಇಂಗ್ಲೆಂಡಿನಲ್ಲಿ ಅಂಥವರ ಕೈಗೆ ಹನ್ನೆರಡು ಆತ್ಮಗಳ ಹೊಣೆ ಕೊಡುವುದು ಸಣ್ಣ ಸಂಗತಿಯಲ್ಲ.

ಕ್ಲಾಸ್ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದಕ್ಕೂ ವೆಸ್ಲಿಯ ದಿನಚರಿಯಲ್ಲೇ ಸಾಕ್ಷ್ಯವಿದೆ. 1763ರಲ್ಲಿ ವೇಲ್ಸ್‌ನ ಪೆಂಬ್ರೋಕ್‌ಷೈರ್ ಸುತ್ತಿದಾಗ ಅವರು ಕಂಡದ್ದು ಇದು. ಅಲ್ಲಿ ಇಪ್ಪತ್ತು ವರ್ಷ ಪ್ರಸಂಗ ನಡೆದಿತ್ತು, ಆದರೆ ಜನರನ್ನು ಕೂಟಗಳಾಗಿ ಜೋಡಿಸುವ ಕೆಲಸ ಆಗಿರಲಿಲ್ಲ. ಒಮ್ಮೆ ಎಚ್ಚೆತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನ ಮತ್ತೆ ನಿದ್ದೆ ಹೋಗಿದ್ದಾರೆ ಎಂದು ಅವರು ಬರೆದುಕೊಂಡರು. ಪ್ರಸಂಗಕ್ಕೆ ಕೊರತೆಯಿರಲಿಲ್ಲ. ಇಲ್ಲದೇ ಹೋದದ್ದು ವಾರದ ನಡುವಿನ ಹನ್ನೆರಡು ಜನ. ಕೂಟಗಳು ಗಟ್ಟಿಯಾಗಿದ್ದ ಕಡೆ ಪಂಥ ಬೆಳೆಯಿತು. 1791ರಲ್ಲಿ ವೆಸ್ಲಿ ತೀರಿಕೊಂಡಾಗ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ 70 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದರು. ಮುಂದಿನ ಶತಮಾನದಲ್ಲಿ ಮೆಥಡಿಸ್ಟರು ಸಿರಿವಂತರಾಗಿ, ಗೌರವಸ್ಥರಾಗಿ, ದೊಡ್ಡ ಕಟ್ಟಡ ಕಟ್ಟಿಕೊಂಡಂತೆ ಕ್ಲಾಸುಗಳು ಒಣಗಿದವು.

ಇದೆಲ್ಲ ದೂರದೇಶದ ಕಥೆ ಎನ್ನುವವರು ನಮ್ಮ ಚರ್ಚುಗಳ ವಂಶಾವಳಿ ನೋಡಬೇಕು. ಹಳೇ ಮೈಸೂರು ಸೀಮೆಯ ಬೆಂಗಳೂರು, ಗುಬ್ಬಿ, ತುಮಕೂರಿಗೆ 19ನೇ ಶತಮಾನದಲ್ಲಿ ಬಂದು ಕನ್ನಡ ಕಲಿತು ಶಾಲೆ ತೆರೆದ ಮಿಷನರಿಗಳು ಇದೇ ವೆಸ್ಲಿಯ ಪಂಥದವರು. ಕರಾವಳಿಯದು ಇನ್ನೊಂದು ಬಳ್ಳಿ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫಿಲಿಪ್ ಯಾಕೋಬ್ ಸ್ಪೇನರ್ 1670ರಲ್ಲಿ ತನ್ನ ಮನೆಯಲ್ಲೇ ಜನರನ್ನು ಸೇರಿಸಿ ಓದು, ಚರ್ಚೆ, ಪ್ರಾರ್ಥನೆ ಆರಂಭಿಸಿದರು. ಪಯಟಿಸಂ ಎಂಬ ಆ ಭಕ್ತಿಚಳವಳಿ ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿಗಳಲ್ಲಿ ಬೇರೂರಿತು, 1743ರಲ್ಲಿ ಅಲ್ಲಿನ ಸರ್ಕಾರವೇ ಷರತ್ತುಗಳೊಡನೆ ಮನೆಕೂಟಗಳಿಗೆ ಅನುಮತಿ ಕೊಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಈ ಮಣ್ಣಿನದೇ ಫಸಲು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಈ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ವ್ಯೂರ್ಟೆಂಬರ್ಗ್‌ನವರು. ಈ ಎರಡೂ ಧಾರೆಗಳು ಕಾಲಕ್ರಮದಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಕೆಥೊಲಿಕರಲ್ಲೂ ಇದು ಹೊಸತಲ್ಲ. ಮಂಗಳೂರಿನ ಧರ್ಮಕೇಂದ್ರಗಳು ಬಹುಕಾಲದಿಂದ ವಾಡೆಗಳೆಂಬ ಚಿಕ್ಕ ಭಾಗಗಳಾಗಿ ಹಂಚಿಹೋಗಿವೆ, ವಾಡೆಗೊಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾರೆ. ಕಿರು ಸಮುದಾಯದ ಮಾತು ಬಂದಾಗ ಅಲ್ಲಿ ಚೌಕಟ್ಟು ಮೊದಲೇ ಸಿದ್ಧವಿತ್ತು.

ಸಂಖ್ಯೆ ಚಿಕ್ಕದಾದಷ್ಟೂ ಕೆಲಸ ಆಗುತ್ತದೆ ಎಂಬುದಕ್ಕೆ ಚರ್ಚಿನ ಹೊರಗೂ ಪುರಾವೆ ಇದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾರ ಎಳೆಯುವ ಗುಂಪು ದೊಡ್ಡದಾದಂತೆ ಒಬ್ಬೊಬ್ಬನ ಪಾಲಿನ ಬಲ ಇಳಿಯುತ್ತ ಹೋಗಿ, ಎಂಟು ಜನರಾಗುವ ಹೊತ್ತಿಗೆ ಹೆಚ್ಚುಕಡಿಮೆ ಅರ್ಧವಾಗಿತ್ತು. ಹೊಂದಾಣಿಕೆಯ ಕೊರತೆ ಒಂದು ಕಾರಣ, ಬೇರೆಯವರು ಎಳೆಯುತ್ತಾರೆ ಎಂಬ ಭಾವ ಇನ್ನೊಂದು. ನಮ್ಮಲ್ಲೇ ಹತ್ತಿರದ ಉದಾಹರಣೆ ಬೇಕಿದ್ದರೆ ಸ್ವಸಹಾಯ ಸಂಘಗಳಿವೆ. 1980ರ ದಶಕದ ನಡುವೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಜನ ತಮಗೆ ನಂಬಿಕೆಯಿದ್ದವರ ಜೊತೆ ತಾವಾಗಿ ಚಿಕ್ಕ ಗುಂಪು ಕಟ್ಟಿಕೊಂಡರು. ದೊಡ್ಡ ಸಂಘದಲ್ಲಿ ಕಟ್ಟದ ಸಾಲವನ್ನು ಹದಿನೈದಿಪ್ಪತ್ತು ಜನರ ಎದುರು ಕಟ್ಟಿದರು. ನಬಾರ್ಡ್ 1992ರಲ್ಲಿ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಕೈಗೆತ್ತಿಕೊಂಡಿತು. ಇನ್ನು ನೇರವಾಗಿ ಚರ್ಚಿನ ಬಗ್ಗೆಯೇ, ಅಮೆರಿಕದಲ್ಲಿ ಚೇಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತಪ್ಪದೆ ಆರಾಧನೆಗೆ ಹೋಗುವವರು ಬದುಕಿನ ಬಗ್ಗೆ ಹೆಚ್ಚು ತೃಪ್ತರು ಎಂಬ ಮಾತು ನಿಜ, ಆದರೆ ಆ ತೃಪ್ತಿ ಕಂಡದ್ದು ಸಭೆಯಲ್ಲಿ ಆಪ್ತ ಗೆಳೆಯರಿದ್ದವರಲ್ಲಿ. ಗೆಳೆಯರಿಲ್ಲದೆ ಬೆಂಚು ತುಂಬಿದವರಿಗೂ ಹೋಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಆಕ್ಷೇಪಗಳು ಹಗುರವಾದವಲ್ಲ. ಚಿಕ್ಕ ಕೂಟ ಒಡಕಿನ ಬೀಜ ಎನ್ನುವ ಹಿರಿಯರಿಗೆ ಚರಿತ್ರೆಯ ಬೆಂಬಲವಿದೆ. ಸ್ಪೇನರ್ ಜೊತೆಗಿದ್ದ ಕೆಲವರೇ ಕಡೆಗೆ ಲೂಥರನ್ ಸಭೆ ಬಿಟ್ಟು ಹೋದರು. ಇದಕ್ಕೆ ವೆಸ್ಲಿಯ ಏರ್ಪಾಡಿನಲ್ಲೇ ಉತ್ತರವಿದೆ: ಮುಖಂಡ ವಾರವಾರ ಬೋಧಕರನ್ನು ಕಂಡು ವರದಿ ಒಪ್ಪಿಸಬೇಕಿತ್ತು. ಸಭಾಪಾಲಕರ ಕಣ್ಣಿಗೆ ಬೀಳದೆ ನಡೆಯುವ ಕೂಟ ಬೇಗ ಇನ್ನೊಂದು ಸಭೆಯಾಗುತ್ತದೆ, ಅವರೇ ಕೂಟಗಳಿಗೆ ಹೆದರಿ ದೂರವಿಟ್ಟರಂತೂ ಖಂಡಿತ ಆಗುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಮುಖಂಡನ ಅಧಿಕಾರ. 1970ರ ದಶಕದಲ್ಲಿ ಅಮೆರಿಕದ 'ಶೆಪರ್ಡಿಂಗ್' ಚಳವಳಿಯು ಸದಸ್ಯರು ಮದುವೆ, ಕೆಲಸ, ಹಣದ ವಿಷಯಕ್ಕೂ ಮುಖಂಡನ ಒಪ್ಪಿಗೆ ಪಡೆಯುವ ಹಂತ ಮುಟ್ಟಿತು, ಅದರ ನಾಯಕರಲ್ಲಿ ಒಬ್ಬರಾದ ಬಾಬ್ ಮಮ್‌ಫರ್ಡ್ ಆಮೇಲೆ ಬಹಿರಂಗವಾಗಿ ಕ್ಷಮೆ ಕೇಳಿದರು. ಕೂಟ ಕೇಳಬಹುದು, ನೆನಪಿಸಬಹುದು, ಜೊತೆಗೆ ನಿಲ್ಲಬಹುದು, ಅಪ್ಪಣೆ ಕೊಡುವಂತಿಲ್ಲ. ಹಂಚಿಕೊಂಡ ಮಾತು ಮಾರನೇ ದಿನ ಬೀದಿಯಲ್ಲಿ ಕೇಳುವ ಭಯವೂ ನಿಜವಾದದ್ದೇ. ಮನೆಯ ಗುಟ್ಟನ್ನು ಪ್ರಾರ್ಥನೆಯ ವಿಷಯ ಎಂದು ಇನ್ನೊಬ್ಬರಿಗೆ ದಾಟಿಸುವ ಚಾಳಿ ನಮ್ಮಲ್ಲಿ ಕಡಿಮೆ ಇಲ್ಲ. ಅಂಥದ್ದು ಒಮ್ಮೆ ನಡೆದರೆ ಆ ಕೂಟ ಮತ್ತೆ ಬಾಯಿ ತೆರೆಯುವುದಿಲ್ಲ. ಆದ್ದರಿಂದ ಗುಟ್ಟು ಕಾಯುವ ಮಾತನ್ನು ಮೊದಲ ವಾರವೇ ಎಲ್ಲರ ಎದುರು ಆಡಿ ಮುಗಿಸಬೇಕು.

ಸಮಾಜಶಾಸ್ತ್ರಜ್ಞ ರಾಬರ್ಟ್ ವುಥ್ನೋ 1994ರಲ್ಲಿ ಎತ್ತಿದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಅಮೆರಿಕದ ವಯಸ್ಕರಲ್ಲಿ ಹತ್ತಕ್ಕೆ ನಾಲ್ಕು ಜನ ಯಾವುದಾದರೊಂದು ಚಿಕ್ಕ ಕೂಟದಲ್ಲಿದ್ದಾರೆ ಎಂದು ಲೆಕ್ಕ ಹಾಕಿದ ಅವರೇ, ಈ ಕೂಟಗಳು ಜನರಿಗೆ ಹಿತವಾದದ್ದನ್ನಷ್ಟೇ ಹೇಳಿ, ದೇವರನ್ನೂ ಸದಸ್ಯರ ಅನುಕೂಲಕ್ಕೆ ಬಗ್ಗಿಸಿಬಿಡುತ್ತವೆ ಎಂದು ಎಚ್ಚರಿಸಿದರು. ನಮ್ಮಲ್ಲಿ ಇದರ ರೂಪ ಬೇರೆ. ತಮ್ಮಂಥವರೇ ಸೇರುವ ಹಿತ ಇಲ್ಲಿ ಜಾತಿ, ಭಾಷೆ, ಸಂಬಳದ ಗೆರೆ ಹಿಡಿದು ಸಾಗುತ್ತದೆ. ಒಂದೇ ಪ್ರಭುಭೋಜನದ ಪಾತ್ರೆಯಲ್ಲಿ ಪಾಲು ಪಡೆದವರು ಪರಸ್ಪರರ ಮನೆಯಲ್ಲಿ ಚಹಾ ಕುಡಿಯದೆ ವರ್ಷ ಕಳೆಯಬಲ್ಲರು. ಆದ್ದರಿಂದ ಕೂಟವನ್ನು ಸ್ನೇಹಿತರ ಆಯ್ಕೆಗೆ ಬಿಡದೆ ರಸ್ತೆ, ಬಡಾವಣೆ ನೋಡಿ ಹಂಚುವುದು ಒಳ್ಳೆಯದು ಎಂದು ನನ್ನ ಎಣಿಕೆ, ಮೈರಾಡದ ಅನುಭವ ಬೇರೆಯದನ್ನೇ ಹೇಳಿದರೂ. ಸಾಲಕ್ಕೆ ಮೊದಲೇ ನಂಬಿಕೆ ಇರಬೇಕು. ಸಭೆಯ ಕೆಲಸವಿರುವುದೇ ನಂಬಿಕೆ ಇಲ್ಲದ ಕಡೆ ಅದನ್ನು ಬೆಳೆಸುವುದರಲ್ಲಿ. ಬಡಾವಣೆಯ ಹಂಚಿಕೆಗೆ ಒಂದು ಸಣ್ಣ ಅಡ್ಡಿ ಉಂಟು, ಅದರ ಹೆಸರು ತಿಂಡಿ. ಈ ವಾರದ ಮನೆಯವರು ಉಪ್ಪಿಟ್ಟು ಕೇಸರಿಬಾತ್ ಮಾಡಿದರೆ ಮುಂದಿನ ವಾರದವರು ಅದಕ್ಕಿಂತ ಒಂದು ಕೈ ಮೇಲಾಗಬೇಕು, ಒಂದೇ ಕೋಣೆಯ ಬಾಡಿಗೆ ಮನೆಯವರು ತಮ್ಮ ಸರದಿ ಬಂದಾಗ ಊರಿಗೆ ಹೋಗಿರುತ್ತಾರೆ. ಚಹಾ ಬಿಟ್ಟು ಬೇರೇನೂ ಇಲ್ಲ ಎಂಬ ನಿಯಮ ಮಾಡಿದ ಕೂಟಗಳು ಬಾಳುತ್ತವೆ.

ಸಮಯವಿಲ್ಲ ಎಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಬ್ರಿಸ್ಟಲ್‌ನ ಆಳುಗಳಿಗೆ ನಮಗಿಂತ ಕಡಿಮೆ ಬಿಡುವಿತ್ತು. ನಾಚಿಕೆ ಸ್ವಭಾವದವರ ಹಿಂಜರಿಕೆ ಬೇರೆ, ಅದಕ್ಕೆ ಮರ್ಯಾದೆ ಸಲ್ಲಬೇಕು. ಮೌನವಾಗಿ ಕೂತು ಹೋಗುವ ಹಕ್ಕು ಪ್ರತಿಯೊಬ್ಬರಿಗೂ ಇರಲಿ, ತಿಂಗಳುಗಟ್ಟಲೆ ಬೇಕಾದರೂ. ಸಭಾ ಕಮಿಟಿಗಳಿಗೆ ನನ್ನ ಒಂದೇ ಮನವಿ: ಎಷ್ಟು ಕೂಟಗಳಾದವು ಎಂಬ ಅಂಕಿ ಬಿಟ್ಟುಬಿಡಿ, ಮುಖಂಡರಿಗೆ ಗುರಿ ನಿಗದಿ ಮಾಡಬೇಡಿ, ಕಳೆದ ತಿಂಗಳು ಆಸ್ಪತ್ರೆ ಸೇರಿದ ಸದಸ್ಯರನ್ನು ನೋಡಲು ಯಾರು ಹೋಗಿದ್ದರು ಎಂದಷ್ಟೇ ಕೇಳಿ. ಸದಸ್ಯರಿಗೆ ಹೇಳುವುದು ಇನ್ನೂ ಚಿಕ್ಕದು. ಬರುವ ಭಾನುವಾರ ಪ್ರಕಟಣೆ ಓದುವಾಗ ನಿಮ್ಮ ಬಡಾವಣೆಯ ಕೂಟ ಯಾರ ಮನೆಯಲ್ಲಿ, ಎಷ್ಟು ಗಂಟೆಗೆ ಎಂದು ಬರೆದುಕೊಳ್ಳಿ, ಹೋಗಿ ಬನ್ನಿ. ಅಲ್ಲಿ ಕೂಟವೇ ಇಲ್ಲವೆಂದಾದರೆ ಸಭಾಪಾಲಕರಿಗೆ ತಿಳಿಸಿ ನಿಮ್ಮ ಮನೆಯಲ್ಲೇ ಶುರುಮಾಡಿ. ಮೊದಲ ತಿಂಗಳು ಮೂರೇ ಜನ ಬಂದರೂ ನಿಲ್ಲಿಸಬೇಡಿ.