ಮಲೆನಾಡಿನ ಮನೆಗಳಲ್ಲಿ ನಾಯಿ ಬೆಕ್ಕುಗಳ ಆರೋಗ್ಯರಕ್ಷಣೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮನೆಗಳು ಒಂದಕ್ಕೊಂದು ದೂರವಾಗಿ, ಕಾಡಿನ ಅಂಚಿನಲ್ಲಿ ತೋಟಗದ್ದೆಗಳ ನಡುವೆ ಇರುವುದರಿಂದ ನಾಯಿಯಿಲ್ಲದ ಮನೆ ಅಪರೂಪ. ತೋಟಕ್ಕೆ ನುಗ್ಗುವ ಮಂಗಗಳನ್ನೂ ಕಾಡುಹಂದಿಗಳನ್ನೂ ಅಟ್ಟುವುದಕ್ಕೆ ನಾಯಿಯೂ, ಕೂಡಿಟ್ಟ ಭತ್ತವನ್ನು ಇಲಿಗಳಿಂದ ಉಳಿಸುವುದಕ್ಕೆ ಬೆಕ್ಕೂ ಬೇಕು. ಆದರೆ ಹಸುವಿಗೆ ಕಾಯಿಲೆಯಾದೊಡನೆ ಪಶುವೈದ್ಯರನ್ನು ಕರೆಸುವ ಯಜಮಾನರು, ನಾಯಿ ಸೊರಗಿದರೆ ಅದರ ಆಯುಸ್ಸು ಅಷ್ಟೇ ಎಂದು ಸುಮ್ಮನಾಗುವುದುಂಟು. ಈ ಉದಾಸೀನದಿಂದ ನಷ್ಟವಾಗುವುದು ನಾಯಿಗೆ ಮಾತ್ರವಲ್ಲ. ಕೊಟ್ಟಿಗೆಗೂ, ಮನೆಯ ಮಕ್ಕಳಿಗೂ ಅಪಾಯವುಂಟು.

ಅನುಭವಿಯಾದ ಪಶುವೈದ್ಯನು ನಾಯಿಯ ರೋಗವನ್ನು ಅದರ ಮೈಯಲ್ಲಿ ಮಾತ್ರ ಹುಡುಕುವುದಿಲ್ಲ. ಅದು ಏನನ್ನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಎಲ್ಲೆಲ್ಲಿ ತಿರುಗುತ್ತದೆ, ತೋಟಕ್ಕೆ ಯಾವ ಔಷಧಿ ಹೊಡೆದಿದೆ ಎಂಬುದನ್ನೆಲ್ಲ ಮೊದಲು ವಿಚಾರಿಸುತ್ತಾನೆ. ಈ ನಾಲ್ಕನ್ನೂ ಯಜಮಾನರೇ ಸರಿಪಡಿಸಿಕೊಂಡರೆ ಅನೇಕ ರೋಗಗಳು ತಲೆಯೆತ್ತುವುದೇ ಇಲ್ಲ.

ಆಹಾರ.— ಉಳಿದ ಅನ್ನಕ್ಕೆ ಮಜ್ಜಿಗೆ ಬೆರೆಸಿ ಹಾಕುವುದೇ ರೂಢಿ. ಇದರಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈಗೆ ಸಾಕಷ್ಟು ಪುಷ್ಟಿ ದೊರೆಯುವುದಿಲ್ಲ. ಬೇಯಿಸಿದ ಮೊಟ್ಟೆ, ಮೀನು ಅಥವಾ ಮಾಂಸವನ್ನು ಸೇರಿಸತಕ್ಕದ್ದು. ಅದು ಸಲ್ಲದ ಮನೆಗಳಲ್ಲಿ ನಾಯಿಗೆ ಚೆನ್ನಾಗಿ ಬೆಂದ ಬೇಳೆಯನ್ನೂ ಮೊಸರನ್ನೂ ಹೆಚ್ಚಿಸಬಹುದು. ಬೆಕ್ಕಿನ ಸಂಗತಿ ಬೇರೆ. ಮಾಂಸದಲ್ಲಿ ದೊರೆಯುವ ಟಾರಿನ್ ಎಂಬ ವಸ್ತುವಿನ ಕೊರತೆಯಾದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಹಾಲು ಅನ್ನಗಳಿಂದ ಆ ಕೊರತೆ ತುಂಬದು. ಈರುಳ್ಳಿ ಹಾಕಿದ ಅಡಿಗೆ ಎರಡಕ್ಕೂ ಅಹಿತ. ಮರಿಗಳಿಗೆ ಜಂತುಹುಳುವಿನ ಔಷಧಿಯನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಕೊಡಬೇಕು. ನಾಯಿಯ ಹುಳುಗಳ ಮೊಟ್ಟೆಗಳು ಅಂಗಳದ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಯನ್ನು ಸೇರುತ್ತವೆ.

ವಾಸ.— ಆಗುಂಬೆಯ ಸೀಮೆಯಂತೆ ತಿಂಗಳುಗಟ್ಟಲೆ ಮಳೆ ಹಿಡಿಯುವ ಕಡೆಗಳಲ್ಲಿ ಒದ್ದೆ ನೆಲದ ಮೇಲೆ ಮಲಗುವ ನಾಯಿಗೆ ಚರ್ಮರೋಗ ಬಿಡುವುದಿಲ್ಲ. ನೆಲದಿಂದ ಒಂದು ಅಡಿ ಎತ್ತರದ ಹಲಗೆ, ಒಣಗಿದ ಗೋಣಿ, ಎರಚಲು ಬಾರದ ಮೂಲೆ, ಇಷ್ಟಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಉಣುಗು.— ಉಣುಗುಗಳು ರಕ್ತವನ್ನು ಹೀರುವುದಲ್ಲದೆ ನಾಯಿಗೆ ಜ್ವರವನ್ನೂ ತರುತ್ತವೆ. ನಾಯಿಯು ಆಹಾರವನ್ನು ಬಿಟ್ಟು, ವಸಡು ಬಿಳಿಚಿಕೊಂಡು, ಮೂತ್ರ ಕೆಂಪಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಮನುಷ್ಯರಿಗೂ ಕಾಡಿನ ಉಣುಗುಗಳಿಂದ ಗಂಡಾಂತರವುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಅವುಗಳ ಕಡಿತದಿಂದಲೇ ಹರಡುತ್ತದೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸೀಮೆಯಲ್ಲಿ ಕಾಣಿಸಿಕೊಂಡು ಹಲವರ ಪ್ರಾಣವನ್ನು ತೆಗೆದುಕೊಂಡಿತು. ದನಗಳು ಈ ಕಾಯಿಲೆಯಿಂದ ನರಳದಿದ್ದರೂ ಅವುಗಳ ರಕ್ತವನ್ನು ಹೀರಿ ಉಣುಗುಗಳ ಸಂತತಿ ಬೆಳೆಯುತ್ತದೆ. ಆದ್ದರಿಂದ ಬೇಸಗೆಯಲ್ಲಿ ಕಾಡಿನ ತರಗೆಲೆಯನ್ನು ತಂದು ಮನೆಯ ಹತ್ತಿರ ರಾಶಿ ಹಾಕಬಾರದು. ಬೆಟ್ಟದಿಂದ ಬಂದ ದನ ನಾಯಿಗಳ ಕಿವಿ, ಕತ್ತು, ಬೆರಳಸಂದುಗಳನ್ನು ದಿನವೂ ನೋಡತಕ್ಕದ್ದು. ಕಂಡ ಉಣುಗನ್ನು ಬೆರಳಿನಿಂದ ಹಿಸುಕದೆ ಚಿಮುಟದಿಂದ ನೇರವಾಗಿ ಎಳೆದು ತೆಗೆಯಬೇಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಪ್ರಾಣಿಗಳ ಮೈಗೆ ಎಂದಿಗೂ ಹಚ್ಚಕೂಡದು. ನಾಯಿಗೆಂದು ಕೊಟ್ಟ ಉಣುಗಿನ ಔಷಧಿಯನ್ನು ಬೆಕ್ಕಿಗೆ ಹಾಕಕೂಡದು. ಪರ್ಮೆಥ್ರಿನ್ ಸೇರಿದ ಔಷಧಿಯಿಂದ ಬೆಕ್ಕು ಸಾಯುವುದುಂಟು.

ವಿಷ.— ಅಡಕೆಗೆ ಕೊಳೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ನೀರು ಉಳಿದ ಪೀಪಾಯಿಗಳನ್ನು ತೆರೆದಿಡಬಾರದು. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಗಳನ್ನು ನಾಯಿಗಳು ಆಸೆಯಿಂದ ತಿಂದು, ನಡುಕ ಬಂದು ಸಾಯುತ್ತವೆ. ಇಲಿಪಾಷಾಣವೂ ಹೀಗೆಯೇ. ಇವುಗಳನ್ನು ಬೀಗದೊಳಗಿಟ್ಟು, ಬಳಸುವ ದಿನಗಳಲ್ಲಿ ನಾಯಿಯನ್ನು ಕಟ್ಟಿಹಾಕುವುದು ಕ್ಷೇಮ.

ಹುಚ್ಚು.— ಈ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ನಾಯಿಯಾಗಲಿ ಮನುಷ್ಯನಾಗಲಿ ಬದುಕುವ ಆಸೆ ಇಲ್ಲವೆಂದೇ ತಿಳಿಯಬೇಕು. ಆದರೆ ಚುಚ್ಚುಮದ್ದಿನಿಂದ ಇದನ್ನು ತಡೆಯಬಹುದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಲಸಿಕೆ ಕೊಟ್ಟು ಉಳಿಸಿದನು. ಮರಿಗೆ ಮೂರು ತಿಂಗಳಾದಾಗ ಮೊದಲನೆಯ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ಪುನಃ, ಅನಂತರ ವರ್ಷಕ್ಕೊಂದು ಹಾಕಿಸತಕ್ಕದ್ದು. ಬೆಕ್ಕಿಗೂ ಇದು ಅವಶ್ಯ. ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಸೀಮೆಎಣ್ಣೆ ಹಚ್ಚುವ ಪದ್ಧತಿಯನ್ನು ಬಿಡಬೇಕು. ಹಸುವಿಗೆ ಕಚ್ಚಿದರೂ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಗ್ರಾಮಮುಖ್ಯರ ಕರ್ತವ್ಯ.— ಒಬ್ಬರ ಮನೆಯ ನಾಯಿಗೆ ಮಾತ್ರ ಲಸಿಕೆಯಾದರೆ ಊರು ಕ್ಷೇಮವಾಗಲಿಲ್ಲ. ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕಾದರೂ ಲಸಿಕೆಯಾದರೆ ರೋಗದ ಹಬ್ಬುವಿಕೆ ನಿಲ್ಲುವುದೆಂದು ತಜ್ಞರ ಮತ. ಒಡೆಯನಿಲ್ಲದ ಬೀದಿನಾಯಿಗಳೂ ಈ ಲೆಕ್ಕದಲ್ಲಿ ಸೇರತಕ್ಕವು. ಆದುದರಿಂದ ಗ್ರಾಮಮುಖ್ಯರು ಸಮೀಪದ ಪಶುಚಿಕಿತ್ಸಾಲಯದವರೊಡನೆ ಮಾತನಾಡಿ, ಕೃಷಿಕೆಲಸದ ಬಿಡುವಿನಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಮನೆಮನೆಗೆ ಮೊದಲೇ ತಿಳಿಸಿ, ಎಲ್ಲ ನಾಯಿ ಬೆಕ್ಕುಗಳನ್ನೂ ಒಂದೆಡೆ ತರಿಸುವ ಏರ್ಪಾಡು ಮಾಡಬೇಕು. ಭೂಮಾಲೀಕರು ತಮ್ಮ ಕೂಲಿಯಾಳುಗಳ ಮನೆಯ ನಾಯಿಗಳನ್ನೂ ಮರೆಯಬಾರದು. ವರ್ಷಕ್ಕೊಂದು ದಿನದ ಈ ಶ್ರಮದಿಂದ ಊರಿನ ಒಂದು ಮಗುವಿನ ಜೀವ ಉಳಿದರೂ ಅದು ಸಾರ್ಥಕವಾದಂತೆಯೇ.