ಕಟ್ಟೆಗೆ ಇಬ್ಬರೂ ಬರಬೇಕು

ಚಳ್ಳಕೆರೆ ದಾಟಿ ನಾಯಕನಹಟ್ಟಿಯ ಕಡೆಗೆ ಹೊರಟರೆ ಶೇಂಗಾ ಹೊಲಗಳ ನಡುವೆ ಕಾವಲುಗಳು, ಅಂದರೆ ಹುಲ್ಲುಗಾವಲುಗಳು, ಒಂದೊಂದಾಗಿ ಎದುರಾಗುತ್ತವೆ. ಅವುಗಳಲ್ಲೊಂದು ವರವು ಕಾವಲ್. ಹೊರಗಿನವರಿಗೆ ಈ ಹೆಸರು ಪರಿಚಯವಾದದ್ದು ಡಿಆರ್‌ಡಿಒ ಇಲ್ಲಿ ಕಟ್ಟಿದ ವೈಮಾನಿಕ ಪರೀಕ್ಷಾ ಕೇಂದ್ರದಿಂದ. 4,290 ಎಕರೆಯ ಆ ಕೇಂದ್ರ 2017ರ ಮೇ 28ರಂದು ಉದ್ಘಾಟನೆಯಾಯಿತು. ನನ್ನನ್ನು ಇತ್ತ ಎಳೆದದ್ದು ಮಾತ್ರ ಕಾವಲಿನ ಸುತ್ತಲಿನ ಹಟ್ಟಿಗಳಲ್ಲಿ ಬಾಳಿಕೊಂಡು ಬಂದ ನ್ಯಾಯದ ಏರ್ಪಾಟು: ಮ್ಯಾಸಬೇಡರ ಕಟ್ಟೆಮನೆ. ಅದಕ್ಕಿಂತ ಹೆಚ್ಚಾಗಿ, ಆ ಏರ್ಪಾಟಿನ ಬೆನ್ನಿಗೆ ನಿಂತಿರುವ ದೇವರ ಎತ್ತುಗಳು.

ಮ್ಯಾಸಬೇಡರ ಬದುಕಿನಲ್ಲಿ ದೇವರ ಎತ್ತನ್ನು ಯಾರೂ ನೊಗಕ್ಕೆ ಹೂಡುವುದಿಲ್ಲ, ಸಂತೆಗೆ ಹೊಡೆಯುವುದಿಲ್ಲ. ಅದು ಒಬ್ಬರ ಮನೆಯ ಆಸ್ತಿಯಲ್ಲ, ದೇವರದು. ಹಾಗಾಗಿ ಆ ದೇವರಿಗೆ ನಡೆದುಕೊಳ್ಳುವ ಎಲ್ಲ ಹಟ್ಟಿಗಳದು. ಮಂದೆಯನ್ನು ಕಾಯುವವನು ಕಿಲಾರಿ. ಮೇವು, ನೀರು ಇದ್ದ ಕಡೆ ಮಂದೆ, ಮಂದೆ ಇದ್ದ ಕಡೆ ಅವನು. ಅವನ ಹೊಟ್ಟೆಬಟ್ಟೆಯ ಹೊಣೆ ಹಟ್ಟಿಯವರದು. ಬರ ಬಿದ್ದ ವರ್ಷ ಕಾವಲಿನ ಹುಲ್ಲು ಸುಟ್ಟುಹೋದಾಗ ಊರೂರಿನ ಭಕ್ತರು ಗಾಡಿ ಕಟ್ಟಿಕೊಂಡು ಮೇವು ತಂದು ಸುರಿಯುತ್ತಾರೆ. ಎತ್ತು ಸತ್ತರೆ ಮನೆಯ ಹಿರಿಯನಿಗೆ ಮಾಡುವಂತೆ ವಿಧಿಪೂರ್ವಕವಾಗಿ ಮಣ್ಣು ಮಾಡುತ್ತಾರೆ. ಮಾತುಬಿಟ್ಟ ದಾಯಾದಿಗಳೂ ಆ ಹೊತ್ತಿಗೆ ಒಂದೇ ಕಡೆ ಬಂದು ನಿಲ್ಲಬೇಕಾಗುತ್ತದೆ.

ಈ ಕಡೆಯ ಪಂಚಾಯ್ತಿಯ ಗುಟ್ಟು ಇರುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಜಗಳ ಹತ್ತಿದ ಇಬ್ಬರಿಗೂ ಸೇರಿದ ವಸ್ತುವೊಂದು ಕಣ್ಣೆದುರು ಮೇಯುತ್ತಿರುತ್ತದೆ. ಬದುವಿನ ಒಂದು ಮೊಳಕ್ಕೆ ಕೈ ಮಿಲಾಯಿಸಿದವರು ನಾಳೆ ಅದೇ ದೇವರ ಪರಿಷೆಗೆ ಜೊತೆಯಾಗಿ ಹೋಗಬೇಕು, ಅದೇ ಮಂದೆಗೆ ಮೇವು ಹಾಕಬೇಕು. ಸಂಬಂಧ ಕಡಿದುಕೊಂಡು ಎಲ್ಲಿಗೆ ಹೋಗುತ್ತಾರೆ?

ಕಟ್ಟೆಮನೆಯ ಹುಟ್ಟನ್ನು ಯಾರೂ ಇಸವಿಯಲ್ಲಿ ಹೇಳುವುದಿಲ್ಲ, ದೇವರ ಕತೆಯಲ್ಲಿ ಹೇಳುತ್ತಾರೆ. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಹೆಸರಾಂತ ಕಟ್ಟೆಮನೆ. ಹಟ್ಟಿಯ ಮಟ್ಟದಲ್ಲಿ ಹರಿಯದ ನ್ಯಾಯ ಕಟ್ಟೆಮನೆಗೆ ಏರುತ್ತದೆ. ಕಾವಲಿನ ಇತಿಹಾಸ ಮಾತ್ರ ದಫ್ತರದಲ್ಲಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ರಾಸುಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಆ ರಾಸುಗಳ ಮೇವಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು.

ನ್ಯಾಯ ನಡೆಯುವ ಬಗೆ ಸರಳ. ನೊಂದವನು ಯಜಮಾನನಿಗೆ ದೂರು ಕೊಡುತ್ತಾನೆ. ಎದುರಾಳಿಗೆ ಕರೆ ಹೋಗುತ್ತದೆ. ಇಬ್ಬರನ್ನೂ ಹತ್ತು ಜನರ ಮುಂದೆ ಕೂರಿಸಿ ಒಬ್ಬನ ಮಾತು ಮುಗಿಯುವವರೆಗೆ ಇನ್ನೊಬ್ಬ ಬಾಯಿ ಹಾಕದಂತೆ ನೋಡಿಕೊಳ್ಳುತ್ತಾರೆ. ನಿಜ ಹೊರಡದಿದ್ದರೆ ದೇವರ ಮುಂದೆ ಆಣೆ. ತಪ್ಪು ಒಪ್ಪಿದವನು ದಂಡವನ್ನೋ ತಪ್ಪುಕಾಣಿಕೆಯನ್ನೋ ಕಟ್ಟುತ್ತಾನೆ. ದಾರಿ, ಬದು, ಬಾವಿ ನೀರು, ಅಣ್ಣತಮ್ಮಂದಿರ ಪಾಲು, ಗಂಡಹೆಂಡಿರ ಮುನಿಸು, ಕುಡಿದ ಮತ್ತಿನ ಹೊಡೆದಾಟ: ಬರುವವು ಇಂಥವೇ. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಂಬಿದ ಜನ ಇವರು.

ಇದೇ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಸೇರುತ್ತದೆ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಮುಂದೆ ಆಸ್ತಿ, ಸಂಸಾರ, ಮಾರಾಮಾರಿಯ ವ್ಯಾಜ್ಯಗಳು ಬರುತ್ತವೆ. ಚಿತ್ರದುರ್ಗದ ನೆಲಕ್ಕೆ ರಾಜಿ ಹೊಸದಲ್ಲ.

ಆದರೆ ಕಟ್ಟೆಯನ್ನು ಕಣ್ಣುಮುಚ್ಚಿ ಹೊಗಳಲಾರೆ. ಅಲ್ಲಿ ಕೂರುವವರು ಗಂಡಸರು. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿದ್ದರೂ ಹಳ್ಳಿಯ ಪಂಚಾಯ್ತಿಗಳಲ್ಲಿ ಅರಿಶಿನ ಕುಂಕುಮದ ನೆಪ ಹೇಳಿ ಅವರಿಂದ ಹಕ್ಕು ಬಿಡಿಸುವುದು ನಿಂತಿಲ್ಲ. ಕುಲದಿಂದ ಹೊರಗಿಡುವ ಶಿಕ್ಷೆ ಎಲ್ಲಿ ನಡೆದರೂ ಅದು ಅನ್ಯಾಯ. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾದರೆ ಯಾವ ಕುಲಪಂಚಾಯ್ತಿಯೂ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿದೆ. ಕೊಲೆ, ಅತ್ಯಾಚಾರಗಳು ರಾಜಿಯ ವಿಷಯಗಳೇ ಅಲ್ಲ. ಸಣ್ಣಪುಟ್ಟ ಪೆಟ್ಟು, ಬೈಗುಳ, ಅತಿಕ್ರಮ ಪ್ರವೇಶದಂಥ ಕೆಲವು ಅಪರಾಧಗಳನ್ನಷ್ಟೇ ರಾಜಿ ಮಾಡಿಕೊಳ್ಳಲು ಕಾನೂನು ಬಿಡುತ್ತದೆ.

ಇನ್ನೊಂದು ಮಿತಿಯನ್ನು ತೋರಿಸಿಕೊಟ್ಟದ್ದು ಕಾವಲೇ. ಸುಮಾರು ಹದಿನೈದು ವರ್ಷಗಳ ಹಿಂದೆ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೊಗಳಿಗೆ ಹಂಚಿಕೆಯಾಯಿತು. ಗೋಡೆ, ಬೇಲಿ ಎದ್ದವು. ದನ, ಕುರಿ ನಡೆದ ದಾರಿಗಳು ಮುಚ್ಚಿದವು. ಕುರಿಯ ಉಣ್ಣೆಯನ್ನು ನಂಬಿದ ಕಂಬಳಿ ನೇಕಾರರಿಗೂ ಏಟು ಬಿತ್ತು. ಈ ಹಂಚಿಕೆಯ ಬಗ್ಗೆ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದಲ್ಲಿ ನಡೆದ ಪ್ರಕರಣಕ್ಕೆ 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ದೇಶಕ್ಕೆ ಆ ಸಂಸ್ಥೆಗಳು ಬೇಕು, ನಿಜ. ಆದರೆ ನೆಲ ಹಂಚುವ ಮೊದಲು ಕಿಲಾರಿಯನ್ನೂ ಕುರಿಗಾಹಿಯನ್ನೂ ಎದುರು ಕೂರಿಸಿಕೊಂಡು ಕೇಳಬೇಕಿತ್ತು. ಕಟ್ಟೆಗೆ ಇಬ್ಬರೂ ಬಂದರೆ ತಾನೇ ನ್ಯಾಯ? ಇಲ್ಲಿ ಒಂದು ಕಡೆಯವರು ಬರಲೇ ಇಲ್ಲ. ಹುಲ್ಲುಗಾವಲು ಕುಗ್ಗಿದಂತೆ ದೇವರ ಮಂದೆ ಸೊರಗುತ್ತದೆ, ಮಂದೆ ಸೊರಗಿದಂತೆ ಹಟ್ಟಿಗಳನ್ನು ಕಟ್ಟಿಹಾಕಿದ್ದ ಹಗ್ಗವೂ ಸಡಿಲವಾಗುತ್ತದೆ. ಇದನ್ನು ಯಾವ ಪರಿಹಾರದ ಲೆಕ್ಕದಲ್ಲೂ ಬರೆದುಕೊಂಡಿಲ್ಲ.

ಈಗ ಕಾನೂನೇ ಕಟ್ಟೆಯ ಕಡೆಗೆ ಒಂದು ಹೆಜ್ಜೆ ಇಟ್ಟಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯ 43 ಮತ್ತು 44ನೇ ಕಲಮುಗಳು ಸಮುದಾಯ ಮಧ್ಯಸ್ಥಿಕೆಯನ್ನು ಹೇಳುತ್ತವೆ. ಆ ಕಲಮುಗಳ ಪ್ರಕಾರ ಒಂದು ಪ್ರದೇಶದ ಜನರ, ಕುಟುಂಬಗಳ ನೆಮ್ಮದಿ ಕೆಡಿಸುವಂಥ ವ್ಯಾಜ್ಯವಿದ್ದರೆ ಎರಡೂ ಕಡೆಯವರು ಮೊದಲೇ ಒಪ್ಪಿ ಕಾನೂನು ಸೇವಾ ಪ್ರಾಧಿಕಾರದ ಮುಂದೆ ಹೋಗಬಹುದು. ಮೂವರು ಮಧ್ಯಸ್ಥರು ಕೂತು ಮಾತಾಡಿಸಬೇಕು. ಮಧ್ಯಸ್ಥರ ಪಟ್ಟಿಗೆ ಊರಿನಲ್ಲಿ ಗೌರವವುಳ್ಳ, ಪ್ರಾಮಾಣಿಕರಾದ ಜನರನ್ನೇ ಆರಿಸಬಹುದು, ಮಹಿಳೆಯರ ಪ್ರಾತಿನಿಧ್ಯವನ್ನೂ ಪರಿಗಣಿಸಬಹುದು. ಆದರೆ ಇಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಡಿಕ್ರಿಯ ಬಲವಿಲ್ಲ. ಅದು ನಿಲ್ಲುವುದು ಕೊಟ್ಟ ಮಾತಿನ ಮೇಲೆ. ಕಟ್ಟೆಯ ನ್ಯಾಯ ಇಷ್ಟು ಕಾಲ ನಿಂತದ್ದೂ ಅದರ ಮೇಲೆಯೇ.

ನ್ಯಾಯ ಹೇಳಬಲ್ಲ ಹಿರಿಯರು ಹಟ್ಟಿಗಳಲ್ಲಿ ಕಡಿಮೆಯಾಗುತ್ತಿದ್ದಾರೆ. ಹುಡುಗರು ಬೆಂಗಳೂರು, ಬಳ್ಳಾರಿಯ ಬಸ್ಸು ಹತ್ತಿದ್ದಾರೆ. ಇರುವ ಹಿರಿಯರನ್ನೂ, ಅವರ ಪಕ್ಕದಲ್ಲಿ ಹಟ್ಟಿಯ ಹೆಣ್ಣುಮಕ್ಕಳನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳುವ ಕೆಲಸವನ್ನು ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರ ತಡಮಾಡದೆ ಕೈಗೆತ್ತಿಕೊಳ್ಳಲಿ. ಓದುವವರ ಮನೆಯಲ್ಲೂ ಬದುವಿನದೋ ಪಾಲಿನದೋ ತಕರಾರಿದ್ದರೆ ವಕೀಲರ ನೋಟಿಸು ಕಳಿಸುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಒಮ್ಮೆ ವಿಚಾರಿಸಿ. ಉಚಿತ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100.