ಛೇದ ಎಲ್ಲಿ ಮಾರಾಯ್ತಿ?

2021ರ ಮೇ ತಿಂಗಳು. ಪತ್ರಿಕೆಯ ಡೆಸ್ಕ್ ಕೆಲಸವನ್ನು ಪುತ್ತೂರಿನ ಮನೆಯಿಂದಲೇ ಮಾಡುತ್ತಿದ್ದೆ. ಅಂಗಳದಲ್ಲಿ ಅಮ್ಮನ ಹಲಸಿನ ಹಪ್ಪಳ, ಚಾವಡಿಯಲ್ಲಿ ನನ್ನ ಲ್ಯಾಪ್‌ಟಾಪ್. ಸಂಜೆಯಾದರೆ ಆರೋಗ್ಯ ಇಲಾಖೆಯ ಬುಲೆಟಿನ್ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತಿತ್ತು. ಅದರಲ್ಲಿ ಸತ್ತವರ ಪಟ್ಟಿ. ಹೆಸರಿಲ್ಲ, ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಆಸ್ಪತ್ರೆಗೆ ಸೇರಿದ ದಿನ, ತೀರಿಕೊಂಡ ದಿನ. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದೇ, 76 ವರ್ಷದ ಹಿರಿಯರದು. ಅಂದಿನಿಂದ ವಯಸ್ಸಿನ ಕಾಲಮ್ಮಿನಲ್ಲಿ ಎಪ್ಪತ್ತು, ಎಂಬತ್ತು ನೋಡಿ ರೂಢಿಯಾಗಿದ್ದ ಕಣ್ಣಿಗೆ ಈಗ ಮೂವತ್ತು, ನಲವತ್ತು ಚುಚ್ಚತೊಡಗಿದವು. ಒಂದು ಸಂಜೆ ತಲೆಬರಹ ಕೊಟ್ಟೆ: ‘ಎಳೆಯರನ್ನೇ ಬೇಟೆಯಾಡುತ್ತಿದೆ ಎರಡನೇ ಅಲೆ’.

ಮರುದಿನ ಬೆಳಿಗ್ಗೆ ಅಪ್ಪ ಪತ್ರಿಕೆಯನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡರು. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು.

“ಅಂಶ ಉಂಟು. ಛೇದ ಎಲ್ಲಿ ಮಾರಾಯ್ತಿ?”

“ಜನ ಸಾಯ್ತಾ ಇದ್ದಾರೆ ಅಪ್ಪ, ನಿಮಗೆ ಭಿನ್ನರಾಶಿಯ ಚಿಂತೆ.”

ಅವರು ಸಿಟ್ಟಾಗಲಿಲ್ಲ. ಹರಿದ ಕ್ಯಾಲೆಂಡರಿನ ಹಾಳೆ ಮಗುಚಿ ಒಂದು ಕಾಲ್ಪನಿಕ ಊರು ಕಟ್ಟಿದರು. ಆ ಊರಲ್ಲಿ ನಡುವಯಸ್ಸಿನವರು 3,000, ಅರವತ್ತು ದಾಟಿದವರು 1,000. ಮೊದಲ ಅಲೆಯಲ್ಲಿ ನಡುವಯಸ್ಸಿನವರು 6 ಜನ ಹೋದರು, ಹಿರಿಯರು 10. ಎರಡನೆಯದರಲ್ಲಿ ಸೋಂಕು ಮೂರು ಪಟ್ಟು ಹಬ್ಬಿತು. 18 ಮತ್ತು 30. “ಈಗ ನೀನು ‘ಎಳೆಯರ ಸಾವು ಮೂರು ಪಟ್ಟು’ ಅಂತ ಬರೀತಿ. ಸುಳ್ಳಲ್ಲ. ಆದರೆ ಹಿರಿಯರದ್ದೂ ಅಷ್ಟೇ ಏರಿದೆ. ಸಾವಿರಕ್ಕೆ ಲೆಕ್ಕ ಹಾಕು: ಅಲ್ಲಿ 6, ಇಲ್ಲಿ 30. ಬೇಟೆ ಯಾರದ್ದು?”

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ ಜನ ಮಾತ್ರ. ಎಳೆಯರೇ ಹೆಚ್ಚಿರುವ ನಾಡಿನಲ್ಲಿ ಸೋಂಕು ಉಕ್ಕಿದರೆ ಪಟ್ಟಿಯಲ್ಲಿ ಎಳೆಯರು ಎದ್ದು ಕಾಣಲೇಬೇಕು. ಇನ್ನೊಂದು ಸಂಗತಿಯೂ ನನಗೆ ಹೊಳೆದಿರಲಿಲ್ಲ. ಲಸಿಕೆ ಮಾರ್ಚ್ 1ರಿಂದ ಅರವತ್ತು ದಾಟಿದವರಿಗೆ, ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೂ ಸಿಗುತ್ತಿತ್ತು. ಹಿರಿಯರ ಸಾವು ಅದರಿಂದ ತುಸು ತಗ್ಗಿದರೂ ಸಾಕು, ಎಳೆಯರ ಪಾಲು ತಾನಾಗಿ ಏರುತ್ತದೆ. ಎಲ್ಲ ಪಾಲೂ ಸೇರಿ ನೂರೇ ಆಗಬೇಕಲ್ಲ! ಎರಡನೇ ಅಲೆಯ ಡೆಲ್ಟಾ ತಳಿ ಎಳೆಯರಿಗೆ ನಿಜಕ್ಕೂ ಹೆಚ್ಚು ಕ್ರೂರವಾಗಿತ್ತೇನೋ. ಅದನ್ನು ಹೇಳುವ ಶಕ್ತಿ ನನ್ನ ಪಟ್ಟಿಗಿರಲಿಲ್ಲ ಅಷ್ಟೆ.

ಜಿಲ್ಲೆಯ ಲೆಕ್ಕಕ್ಕೂ ಇದೇ ಗತಿ. ಮಂಗಳೂರಿನ ಆಸ್ಪತ್ರೆಗಳಿಗೆ ಸುತ್ತಲಿನ ಎಷ್ಟೋ ಜಿಲ್ಲೆಗಳಿಂದ ಜನ ಬರುತ್ತಾರೆ, ಕಾಯಿಲೆ ಬಿಗಡಾಯಿಸಿದ ಮೇಲೆಯೇ ಬರುತ್ತಾರೆ. ಸಾವನ್ನು ಆಸ್ಪತ್ರೆಯ ಊರಿಗೆ ಬರೆದರೆ ದಕ್ಷಿಣ ಕನ್ನಡ ಕೆಟ್ಟು ಕಾಣುತ್ತದೆ, ರೋಗಿಯ ಊರಿಗೆ ಬರೆದರೆ ಬೇರೆ ಚಿತ್ರ. ‘ಇಂದಿನ ಸಾವು’ ಎಂದು ನಾವು ಅಚ್ಚು ಹಾಕುತ್ತಿದ್ದುದರಲ್ಲಿ ವಾರದ ಹಿಂದೆ ತೀರಿಕೊಂಡವರೂ ಇರುತ್ತಿದ್ದರು. ತೀರಿಕೊಂಡ ದಿನದ ಕಾಲಮ್ ಅಲ್ಲೇ ಇತ್ತು. ರಾತ್ರಿ ಹತ್ತರ ಡೆಡ್‌ಲೈನಿಗೆ ಓಡುವವರು ಅದನ್ನು ಓದುವುದಿಲ್ಲ.

ಛೇದದ ಪಾಠ ನನ್ನ ತಲೆಗೆ ಪೂರ್ತಿ ಇಳಿದದ್ದು ಮಾತ್ರ ಆಗಸ್ಟಿನಲ್ಲಿ, ಇಸ್ರೇಲಿನ ಸುದ್ದಿಯಿಂದ. ಆ ತಿಂಗಳ ನಡುವೆ ಅಲ್ಲಿನ ಆಸ್ಪತ್ರೆಗಳಲ್ಲಿ ಗಂಭೀರ ಸ್ಥಿತಿಯಲ್ಲಿದ್ದ 515 ಜನರಲ್ಲಿ 301 ಮಂದಿ ಎರಡೂ ಡೋಸ್ ಪಡೆದವರು. ನೂರಕ್ಕೆ 58! ಲಸಿಕೆಯಿಂದ ಪ್ರಯೋಜನವಿಲ್ಲ ಎಂಬ ಸಂದೇಶ ನಮ್ಮ ಕುಟುಂಬದ ಗುಂಪಿಗೂ ಬಂತು. ಈ ಸಲ ಕ್ಯಾಲೆಂಡರಿನ ಹಾಳೆ ಮಗುಚಿದವಳು ನಾನು.

ಅಲ್ಲಿ ಲಸಿಕೆ ಪಡೆದವರು ಸುಮಾರು 56 ಲಕ್ಷ, ಪಡೆಯದವರು 13 ಲಕ್ಷ. ಲಕ್ಷಕ್ಕೆ ಲೆಕ್ಕ ಹಾಕಿದರೆ ಪಡೆಯದವರಲ್ಲಿ 16 ಜನ ಗಂಭೀರ, ಪಡೆದವರಲ್ಲಿ 5. ಲಸಿಕೆಯ ಬಲ ನೂರಕ್ಕೆ 67ರ ಆಸುಪಾಸು. ಇಲ್ಲಿಗೇ ನಿಲ್ಲಿಸಬಹುದಿತ್ತು. ಅಪ್ಪ ನಿಲ್ಲಿಸಲು ಬಿಡಲಿಲ್ಲ, “ವಯಸ್ಸು ಒಡೆದು ನೋಡು” ಎಂದರು. ಐವತ್ತರ ಕೆಳಗಿನವರಲ್ಲಿ ಲಸಿಕೆ ಇಲ್ಲದವರಿಗೆ ಲಕ್ಷಕ್ಕೆ 3.9, ಇದ್ದವರಿಗೆ 0.3. ಐವತ್ತು ದಾಟಿದವರಲ್ಲಿ 91.9 ಮತ್ತು 13.6. ಕಿರಿಯರಲ್ಲಿ ರಕ್ಷಣೆ ನೂರಕ್ಕೆ 92, ಹಿರಿಯರಲ್ಲಿ 85. ಎರಡು ಗುಂಪಿನಲ್ಲೂ 85ಕ್ಕಿಂತ ಕಡಿಮೆಯಿಲ್ಲ, ಒಟ್ಟು ಸೇರಿಸಿದರೆ 67! ನನಗೆ ಕೂಡಿಸಿದ್ದೇ ತಪ್ಪಿರಬೇಕು ಅನಿಸಿತು. ಮೂರು ಸಲ ಹಾಕಿದೆ. ತಪ್ಪಿರಲಿಲ್ಲ.

ಗುಟ್ಟು ಗುಂಪುಗಳ ಒಳಗಿತ್ತು. ಲಸಿಕೆ ಪಡೆಯದ 13 ಲಕ್ಷದಲ್ಲಿ 11 ಲಕ್ಷಕ್ಕೂ ಹೆಚ್ಚು ಜನ ಐವತ್ತರ ಒಳಗಿನವರು. ಲಸಿಕೆ ಇರಲಿ ಇಲ್ಲದಿರಲಿ, ಅವರು ಆಸ್ಪತ್ರೆ ಸೇರುವುದೇ ಅಪರೂಪ. ಲಸಿಕೆ ಪಡೆದವರಲ್ಲಿಯೋ 21 ಲಕ್ಷ ಹಿರಿಯರು. ಒಟ್ಟು ಲೆಕ್ಕ ಎಂದರೆ ಗಟ್ಟಿಮುಟ್ಟಾದ ಹುಡುಗರನ್ನೂ ಅಜ್ಜ ಅಜ್ಜಿಯರನ್ನೂ ಓಟಕ್ಕೆ ನಿಲ್ಲಿಸಿದ ಹಾಗೆ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರಿದೆ. ಅಪ್ಪನಿಗೆ ಹೆಸರು ಗೊತ್ತಿರಲಿಲ್ಲ, ಸಂಗತಿ ಗೊತ್ತಿತ್ತು: ಎ ಸೆಕ್ಷನ್, ಬಿ ಸೆಕ್ಷನ್ ಫಲಿತಾಂಶ ಹೋಲಿಸುವ ಹೆಡ್‌ಮಾಸ್ತರರೊಡನೆ ವರ್ಷವರ್ಷವೂ ಜಗಳವಾಡಿದವರು.

ಇಷ್ಟೆಲ್ಲ ಕಲಿತು ಛೇದ ಹುಡುಕುವಷ್ಟರಲ್ಲಿ ಅಂಶವೇ ಅಲುಗಾಡಿತು. 2021ರ ಕೊನೆಗೆ ಭಾರತದ ಅಧಿಕೃತ ಕೋವಿಡ್ ಸಾವು ಸುಮಾರು 4.8 ಲಕ್ಷ. ಮರುವರ್ಷ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 2020 ಮತ್ತು 2021ರಲ್ಲಿ ಇಲ್ಲಿ ವಾಡಿಕೆಗಿಂತ ಹೆಚ್ಚಾಗಿ ಸಂಭವಿಸಿದ ಸಾವು 47 ಲಕ್ಷ ಎಂದು ಅಂದಾಜಿಸಿತು. ಕೇಂದ್ರ ಸರ್ಕಾರ ಆ ಲೆಕ್ಕದ ವಿಧಾನವನ್ನೇ ಒಪ್ಪಲಿಲ್ಲ. ಯಾರದ್ದು ಸರಿ ಎಂದು ತೀರ್ಪು ಕೊಡುವಷ್ಟು ಗಣಿತ ನನ್ನಲ್ಲಿಲ್ಲ. ಆದರೆ ಬುಲೆಟಿನ್ನಿಗೆ ಸೇರಲು ಸತ್ತರಷ್ಟೇ ಸಾಲದು, ಪರೀಕ್ಷೆಯೂ ಆಗಿರಬೇಕು ಎಂಬುದು ಗೊತ್ತು. ಮೂವತ್ತೈದರ ಮಗನಿಗೆ ಉಸಿರು ಕಟ್ಟಿದರೆ ಮನೆಯವರು ಕಾರು ಹುಡುಕಿ ಓಡುತ್ತಾರೆ. ಎಂಬತ್ತರ ಅಜ್ಜಿ ‘ನನ್ನನ್ನು ಎಲ್ಲಿಗೂ ಕೊಂಡೋಗಬೇಡಿ’ ಎಂದರೆ ಕೇಳುತ್ತಾರೆ. ಹಾಗಾದರೆ ನಾನು ನೋಡಿದ ಪಟ್ಟಿಯಲ್ಲಿ ಎಳೆಯರು ಹೆಚ್ಚು ಕಂಡದ್ದು, ಹಿರಿಯರು ಅದರೊಳಗೆ ಬಾರದೆ ಹೋದದ್ದಕ್ಕೂ ಇರಬಹುದಲ್ಲ?

ಅಪ್ಪ ಆ ವರ್ಷ ಹಳೆಯ ಕೆಂಪು ಡೈರಿಯೊಂದರಲ್ಲಿ ನಮ್ಮ ಬೈಲಿನ ಸಾವುಗಳನ್ನು ಬರೆದಿಡುತ್ತಿದ್ದರು. ತೋಟದಾಚೆಯ ಮನೆಯ ಅಜ್ಜಿ ಜೂನಿನಲ್ಲಿ ಐದು ದಿನದ ಜ್ವರಕ್ಕೆ ಮನೆಯಲ್ಲೇ ಹೋದರು. ಮೂಗಿನ ದ್ರವ ಯಾರೂ ತೆಗೆದಿರಲಿಲ್ಲ. ಡೈರಿಯಲ್ಲಿ ಅವರ ಸಾಲು ಪೆನ್ಸಿಲಿನದು. ಹೆಸರು, 83 ವರ್ಷ, ಕಾರಣದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅಳಿಸಿ ಬರೆಯಲು ಅನುಕೂಲವಾಗಲಿ ಎಂದು ಪೆನ್ಸಿಲ್ ಹಿಡಿದದ್ದಂತೆ. ಇನ್ನೂ ಹಾಗೆಯೇ ಇದೆ.